ಮುಯ್ಯಿಯ ತಾಟು

ಭಾದ್ರಪದದಲ್ಲಿ ಮೆಣಸಿನ ಗಿಡಕ್ಕೆ ಎಲೆ ಮುದುಡುವ ಮುಟುರು ರೋಗ ಬಿದ್ದು ಊರೆಲ್ಲ ಔಷಧಿ ಹೊಡೆಯುವ ಗಡಿಬಿಡಿಯಲ್ಲಿತ್ತು. ಹೊಸ ಔಷಧಿಯನ್ನು ಮೊದಲು ಅಚ್ಚಿನ ಚರ್ಮದ ಮೇಲೆ ಒಂದು ಹನಿ ಬಿಟ್ಟು, ಸುಡುತ್ತದೆಯೋ ಎಂದು ನೋಡದೆ ಯಾರೂ ಹೊಲಕ್ಕಿಳಿಯುತ್ತಿರಲಿಲ್ಲ. ಮನೆಮಂದಿಯ ಒಬ್ಬೊಬ್ಬರ ಮೈಯಿಂದ ಚೂರು ತೆಗೆದು ಅಚ್ಚು ಹಾಕಿದ ಚರ್ಮ ಒಂದೊಂದು ತಾಟಿನಲ್ಲಿ ಬೆಳೆಯುತ್ತಿತ್ತು. ಎಳೆಯರದೇ ಆಗಬೇಕು, ಬಲಿತ ಚರ್ಮ ನಿಜ ಹೇಳುವುದಿಲ್ಲ.

ಹೋದ ಸಲ ಬಾಳವ್ವ ತನ್ನ ಮಗಳ ತಾಟು ಕೊಟ್ಟಿದ್ದಳು. ಅದಿನ್ನೂ ಮತ್ತೆ ಬೆಳೆದಿರಲಿಲ್ಲ.

"ನೀಲಕ್ಕಾ, ಈಗ ನಿನ್ನ ಮುಯ್ಯಿ. ನಿನ್ನ ಮಗಳು ಗುರುಬಾಯಿ ತಾಟು ಕೊಡು," ಎಂದು ಬಾಳವ್ವ ನೀಲವ್ವನ ಮನೆಗೆ ಬಂದು ಕೇಳಿದಳು.

ಮಗಳಿಗೆ ನೋಯುವುದಿಲ್ಲವೆಂದು ಗೊತ್ತಿದ್ದರೂ ನೀಲವ್ವನಿಗೆ ಮನಸ್ಸಾಗಲಿಲ್ಲ; ಅತ್ತೆಯ ತಾಟನ್ನೇ ಗುರುಬಾಯಿಯದೆಂದು ತಂದಿಟ್ಟಳು. ಹನಿ ಬಿತ್ತು. ಚರ್ಮ ಕೆಂಪೇರಲಿಲ್ಲ.

"ಗುರುಬಾಯಿ ಅಜ್ಜಿನ್ನ ಹೋಲ್ತಾಳ ಬಿಡು, ಆಕೀಗೂ ಏನೂ ತಾಗೂದಿಲ್ಲ," ಎಂದು ನಗುತ್ತ ಬಾಳವ್ವ ಹೊಲಕ್ಕೆ ಹೋದಳು.

ನೀಲವ್ವ ಕೂತಳು, ಎದ್ದಳು, ಮತ್ತೆ ಕೂತಳು. ಅಲ್ಲಿ ಔಷಧಿ ಕಲಸುವುದು ಬಾಳವ್ವನ ಮಗಳೇ. ಕೊನೆಗೆ ಗುರುಬಾಯಿಯ ತಾಟು ಹಿಡಿದು ಓಡಿದಳು.

"ಅದು ಅತ್ತೀದಿತ್ತು. ಇದರ ಮ್ಯಾಲೆ ಹಾಕು."

ಹನಿ ಬಿದ್ದಲ್ಲಿ ಕೆಂಪೇರಿ ಬೊಬ್ಬೆ ಎದ್ದಿತು. ಬಾಳವ್ವ ಮಗಳನ್ನು ಹಿಂದಕ್ಕೆಳೆದು, ಇಡೀ ಡಬ್ಬಿಯನ್ನು ಬದುವಿನಾಚೆ ಗುಂಡಿಗೆ ಸುರಿದಳು.

"ಮುಯ್ಯಿ ತೀರಿತು, ನೀಲವ್ವ," ಎಂದಳು. ಅಕ್ಕ ಎನ್ನಲಿಲ್ಲ. "ಇನ್ನ ನಮ್ಮನಿ ತಾಟು ಕೇಳಾಕ ಬರಬ್ಯಾಡ."