ಮಲಗುವ ಸ್ಕೂಟರ್

ನವಲಗುಂದದ ಸೈಕಲ್ ಅಂಗಡಿಯ ಈರಪ್ಪ ತಿರುಪು ಸಡಿಲಿಸಿದ್ದೇ ತಡ, ಮಕ್ಕಳು ಕಾಲಿನಿಂದ ಒದ್ದು ಓಡಿಸುವ ಆ ಕೆಂಪು ಸ್ಕೂಟರ್ ಕತ್ತು ಮಡಚಿ ನೆಲಕ್ಕೆ ಮಲಗಿಬಿಟ್ಟಿತು. "ನೋಡ್ರಿ ಯಜಮಾನ್ರ, ಬಸ್ಸಿನಾಗ ಒಯ್ಯಾಕ ಅಗದಿ ಸಲೀಸು," ಎಂದ.

ಮೊರಬದ ಹೊಳಬಸಪ್ಪ ಹಿಂದೆ ಸರಿದ. ಅಲ್ಲಿಯವರೆಗೆ ಅವನು ಅದರ ಸುತ್ತ ತಿರುಗಿ ಬೆನ್ನು ತಟ್ಟಿದ್ದ, ಗಾಲಿಗಳನ್ನು ಗೊರಸಿನಂತೆ ಎತ್ತಿ ನೋಡಿದ್ದ, ಮೊಮ್ಮಗಳು ನೀಲವ್ವನನ್ನು ಹತ್ತಿಸಿ ನಡಿಗೆಯನ್ನೂ ಪರೀಕ್ಷಿಸಿದ್ದ. ಎಲ್ಲಾ ಒಪ್ಪಿತ್ತು. ಈಗ ತಲೆಯಾಡಿಸಿದ. "ಇದು ಬ್ಯಾಡೋ ತಮ್ಮಾ. ನೊಗದಾಗ ಮಲಗೋ ಎತ್ತು ಯಾರರ ತಗೋತಾರೇನ? ಮಲಗಲಾರದ್ದು ಕೊಡು."

ಈರಪ್ಪ ನಕ್ಕ. ನೀಲವ್ವ ನಗಲಿಲ್ಲ. ಅವಳು ಸ್ಕೂಟರಿನ ಬಾಜು ಕುಕ್ಕರಗಾಲಲ್ಲಿ ಕುಳಿತು ಅದರ ಕತ್ತಿನ ಕೆಳಗೆ ಮೆಲ್ಲಗೆ ತುರಿಸುತ್ತಿದ್ದಳು. ಬಾಗಿಲಿನ ಗೋಣಿತಟ್ಟು ಗಾಳಿಗೆ ಅಲುಗಿದಾಗಲೆಲ್ಲ ಬಿಸಿಲು ಆ ಕೆಂಪು ಮೈಮೇಲೆ ಏರಿ ಇಳಿದು, ಅದು ನಿದ್ದೆಯಲ್ಲಿ ಉಸಿರಾಡುತ್ತಿರುವಂತೆ ಕಾಣುತ್ತಿತ್ತು.

"ಮಲಗಲಿ ಬಿಡ ಮುತ್ಯಾ," ಎಂದಳು, ಎಲ್ಲಿ ಎಚ್ಚರವಾದೀತೋ ಎಂಬ ಪಿಸುದನಿಯಲ್ಲಿ. "ಟ್ರ್ಯಾಕ್ಟರ್ ಬಂದಾಗಿಂದ ನಮ್ಮ ದನದ ಮನ್ಯಾಗ ಯಾರೂ ಮಲಗೂದಿಲ್ಲಲ್ಲ."

ಹೊಳಬಸಪ್ಪ, ತಿರುಪು ಬಿಗಿಯಲು ಬಾಗಿದ ಈರಪ್ಪನ ಕೈ ಹಿಡಿದು, "ಎಬ್ಬಸಬ್ಯಾಡ," ಎಂದ. ಆಮೇಲೆ ತಲೆಯ ರುಮಾಲು ಬಿಚ್ಚಿ ಹೆಗಲಿಗೆ ಮೆತ್ತಗೆ ಹಾಸಿಕೊಂಡು, ಹೊಲದಲ್ಲಿ ಹುಟ್ಟಿದ ಕರುವನ್ನು ಮನೆಗೆ ಹೊತ್ತು ತರುವವನಂತೆ, ಅದನ್ನು ಎರಡೂ ಕೈಯಿಂದ ಎತ್ತಿಕೊಂಡ.