ಅರ್ಧ ಸುತ್ತು

ಸ್ಪ್ಯಾನರ್ ಬೋಲ್ಟಿನ ಮೇಲೆ ಕೂತಿತ್ತು. ಅರ್ಧ ಸುತ್ತು ಸಡಿಲಿಸಿದರೆ ಮುಗಿಯಿತು. ಎಂಟು ಶನಿವಾರಗಳಿಂದ ಮೆಕ್ಯಾನಿಕ್ ಮಾಡುತ್ತಿದ್ದುದು ಅದನ್ನೇ, ಶೆಡ್ಡಿಗೆ ಒಳಗಿಂದ ಚಿಲಕ ಹಾಕಿಕೊಂಡು. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ.

ಪುಟ್ಟ ವಿಮಾನ ಅವನ ಭಾವನದು. ಅದರ ಮೂಗಿನಲ್ಲಿದ್ದುದು ಹಳೇ ಕಾರಿನ ಇಂಜಿನ್. ಇಂಜಿನ್ ಓಡುವ ವೇಗಕ್ಕೇ ಪ್ರೊಪೆಲರ್ ತಿರುಗಿದರೆ ಅದು ಗಾಳಿಯನ್ನು ಎಳೆಯುವುದಿಲ್ಲ, ಬರೀ ಕಿರುಚುತ್ತದೆ. ಅದಕ್ಕೇ ನಡುವೆ ಒಂದು ಚಿಕ್ಕ ಪುಲ್ಲಿ, ಒಂದು ದೊಡ್ಡ ಪುಲ್ಲಿ, ಎರಡನ್ನೂ ಬಳಸಿದ ಹಲ್ಲಿನ ಬೆಲ್ಟು. ಇಂಜಿನ್ ಎರಡು ಸುತ್ತು ಓಡಿದರೆ ಪ್ರೊಪೆಲರ್ ಒಂದೇ ಸುತ್ತು. ಪುಲ್ಲಿಗಳನ್ನು ಲೇತಿನಲ್ಲಿ ಕಡೆದವನು ಇವನೇ. ಬೆಲ್ಟನ್ನು ಬಿಗಿಯಾಗಿ ಹಿಡಿದಿಡುವುದು ಈ ಬೋಲ್ಟು.

ಅಕ್ಕ ತೀರಿಕೊಂಡ ಮೇಲೆ ಭಾವ ಪ್ರತಿ ಭಾನುವಾರ ಈ ಮನೆಗೆ ಬರಲು ಉಳಿದಿದ್ದ ನೆಪ ಈ ಬೆಲ್ಟೊಂದೇ. ಅದು ಸರಿಹೋದ ದಿನ ವಿಮಾನ ನದಿಯಾಚೆಯ ಮೈದಾನಕ್ಕೆ ಹಾರುತ್ತದೆ. ಆಮೇಲೆ ಭಾನುವಾರವೂ ಸೋಮವಾರದ ಹಾಗೆಯೇ. ಒಂದೇ ತಟ್ಟೆ, ಒಂದೇ ಲೋಟ.

ಆದರೆ ಈಚೆಗೆ ಅವನಿಗೆ ಊಟ ಸೇರುತ್ತಿರಲಿಲ್ಲ. ಅವನು ಸಡಿಲಿಸುತ್ತಿದ್ದುದು ಅರ್ಧ ಸುತ್ತು. ಭಾನುವಾರ ಭಾವ ಇಂಜಿನ್ ಓಡಿಸಿ ನಿಲ್ಲಿಸುವಷ್ಟರಲ್ಲಿ ಅದು ಪೂರ್ತಿ ಒಂದು ಸುತ್ತಾಗಿರುತ್ತಿತ್ತು. ನಡುಕಕ್ಕೇ ಇರಬೇಕು. ನೆಲದ ಮೇಲೆಯೇ ಹೀಗಾದರೆ, ಮೇಲೆ? ರಸ್ತೆ ಬದಿಗೆ ನಿಲ್ಲಿಸಿ ನೋಡಲು ಅದು ಕಾರಲ್ಲ.

ಅವನು ಸ್ಪ್ಯಾನರನ್ನು ಬಿಗಿಯುವ ಕಡೆಗೆ ತಿರುಗಿಸಿದ. ಮಣಿಕಟ್ಟು ನೋಯುವವರೆಗೂ ಬಿಗಿದ. ಬೋಲ್ಟು ಕೂದಲೆಳೆಯಷ್ಟು ಸರಿದರೂ ಗೊತ್ತಾಗಲೆಂದು, ಅಕ್ಕ ಬಿಟ್ಟುಹೋಗಿದ್ದ ನೇಲ್ ಪಾಲಿಶ್ ತಂದು, ಬೋಲ್ಟಿನ ತಲೆಯಿಂದ ಪಕ್ಕದ ಲೋಹದ ಮೇಲಕ್ಕೆ ಒಂದು ಕೆಂಪು ಗೆರೆ ಎಳೆದ.

ಮರುದಿನ ಭಾವ ಬಂದರು.

"ಏನಯ್ಯಾ, ಇವತ್ತಾದ್ರೂ ನಿನ್ನ ಬೆಲ್ಟು ಮರ್ಯಾದೆ ಉಳಿಸುತ್ತಾ?"

"ಇವತ್ತು ಹಾರುತ್ತೆ ಭಾವ. ಬೇಕಾದ್ರೆ ಬರೆದಿಟ್ಕೊಳ್ಳಿ."

ಭಾವನ ನಗು ಅರ್ಧಕ್ಕೇ ನಿಂತಿತು. "ಹೌದಾ?" ಎಂದರು. ಪ್ರೊಪೆಲರನ್ನೊಮ್ಮೆ ಸವರಿದರು. "ಸರಿ. ಮೊದ್ಲು ಟೀ ಮಾಡ್ಕೊಂಡು ಬಾ, ಹೋಗು. ಸಕ್ಕರೆ ನಿಮ್ಮಕ್ಕ ಹಾಕ್ತಿದ್ದಷ್ಟು ಹಾಕು. ಜಿಪುಣತನ ಬೇಡ."

ಪ್ರತಿ ಭಾನುವಾರವೂ ಟೀ ಮೊದಲು, ಬೋಲ್ಟು ಆಮೇಲೆ.

ಅಡುಗೆಮನೆಯಲ್ಲಿ ನಿಂತು ಅವನು ಕಿವಿಗೊಟ್ಟ. ಇಂಜಿನ್ ಒಂದು ತಾಳವೂ ತಪ್ಪದೆ ಓಡಿತು. ಇಂಥ ಸದ್ದನ್ನು ಅದು ಹಿಂದೆಂದೂ ಮಾಡಿರಲಿಲ್ಲ. ಆಮೇಲೆ ನಿಂತಿತು. ಕೊನೆಯ ಟೀ ಎಂದುಕೊಂಡು ಎರಡು ಲೋಟ ಹಿಡಿದು ಶೆಡ್ಡಿಗೆ ಬಂದ.

ಭಾವ ಚಿಂದಿಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತಿದ್ದರು.

"ಮತ್ತೆ ಸಡಿಲ ಕಣಯ್ಯಾ. ಏನ್ ಮಾಡೋದು! ಬರೋ ಭಾನುವಾರ ನೋಡೋಣ."

ಮೆಕ್ಯಾನಿಕ್ ಬಗ್ಗಿ ನೋಡಿದ. ಕೆಂಪು ಗೆರೆ ಎರಡಾಗಿತ್ತು. ಬೋಲ್ಟಿನ ತಲೆಯ ಮೇಲಿದ್ದ ತುಂಡು ಸರಿಯಾಗಿ ಅರ್ಧ ಸುತ್ತು ತಿರುಗಿ ಆಚೆ ಬದಿಗೆ ಹೋಗಿತ್ತು.

ಭಾವನ ಜೇಬಿನಿಂದ ಇಣುಕುತ್ತಿದ್ದ ಸ್ಪ್ಯಾನರಿನ ಬಾಯಿಗೆ ಅಕ್ಕನ ಕೆಂಪು ಬಣ್ಣ ಅಂಟಿತ್ತು.