ಮತ್ತೆ ಮತ್ತೆ ಉರಿದ ಊರು

"ಮತ್ತೆ ಬೆಂಕಿ! ಅಮ್ಮಾ, ಕಣಜ ಉರೀತಾ ಇದೆ, ನೋಡು!"

ಮಗ ಕೂಗಿಕೊಂಡ. ಅಮ್ಮ ಕಂಪ್ಯೂಟರಿನ ಮುಂದೆ ಕೈಕಟ್ಟಿ ಕುಳಿತಿದ್ದಳು. ಪರದೆಯ ಮೇಲಿನ ಹಳೇ ಕಾಲದ ಊರಿನಲ್ಲಿ ಕಣಜ ಸುಟ್ಟಿತು, ಕುಂಬಾರರ ಓಣಿಗೂ ಕಿಡಿ ಹಾರಿತು, ಜನ ಗಂಟುಮೂಟೆ ಕಟ್ಟಿ ಕೋಟೆಬಾಗಿಲು ದಾಟಿದರು. ಹತ್ತು ಸಾವಿರ ಜನ ಸೇರಿದರೆ ಆಟ ಗೆದ್ದಂತೆ. ಇನ್ನೇನು ಸೇರಿದರು ಎನ್ನುವಾಗಲೇ ಪ್ರತಿಸಲವೂ ಹೀಗೆ; ಸುಟ್ಟದ್ದನ್ನು ಅಮ್ಮ ಇದ್ದ ಹಾಗೇ ಮತ್ತೆ ಕಟ್ಟುವಳು. ಕೈಗೆ ಬಂದ ತುತ್ತು ಬಾಯಿಗೆ ಬಂದದ್ದೇ ಇಲ್ಲ.

"ಊರು ಅಂದ್ಮೇಲೆ ಒಂದು ಬೆಂಕಿ ಬೀಳಲ್ವೇನೋ," ಎಂದಳು ಅಮ್ಮ ತಣ್ಣಗೆ.

ಮಗನಿಗೆ ಮೈ ಉರಿಯಿತು. ಅವನು ಬಸ್ ಡಿಪೋದಲ್ಲಿ ವೇಳಾಪಟ್ಟಿ ಹಾಕುವವನು. ಒಂದು ಬಸ್ಸು ತಡವಾದರೂ ಅನ್ನ ಸೇರದ ಜೀವ. ಅಪ್ಪ ತೀರಿಕೊಂಡ ಮೇಲೆ ಅಮ್ಮ ಅವರ ಕೋಣೆ ಸೇರಿ, ಅವರ ಕಂಪ್ಯೂಟರಿನಲ್ಲಿ ಈ ಆಟ ಹಿಡಿದಿದ್ದಳು. ಅಲ್ಲಿಯವರೆಗೆ ಮೌಸ್ ಮುಟ್ಟಿದವಳಲ್ಲ. ಅಪ್ಪ ಇದ್ದಾಗ ಇವನೂ ಆ ಕೋಣೆಗೆ ಇಣುಕಿದವನಲ್ಲ ಬಿಡಿ. ಮೊದಮೊದಲು ಒಳ್ಳೆಯದೇ ಆಯಿತು ಎಂದುಕೊಂಡ. ಈಗ ಊಟ ಅಲ್ಲೇ, ತೂಕಡಿಕೆ ಅಲ್ಲೇ. ಯಾರು ಕರೆದರೂ ಏಳಳು. ಒಮ್ಮೆ ಗೆದ್ದುಬಿಟ್ಟರೆ ಈ ಹುಚ್ಚು ಬಿಡುತ್ತದೆ, ಅಮ್ಮ ಎದ್ದು ಮೊದಲಿನ ಹಾಗೆ ಎಲ್ಲರ ನಡುವೆ ಕೂರುತ್ತಾಳೆ ಎಂಬುದು ಅವನ ಲೆಕ್ಕ.

ಅದಕ್ಕೇ ಡಿಪೋದಿಂದ ಬಂದವನೇ ಪಾಠ ಶುರುಮಾಡುತ್ತಿದ್ದ. ಎಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಬೆಂಕಿ ಆರಿಸುವವರ ಚೌಕಿ ಕಟ್ಟು ಎಂದರೆ ತಲೆಯಾಡಿಸುವಳು. ಮರುದಿನ ನೋಡಿದರೆ ಚೌಕಿಯೇ ಮಾಯ. ಊರಿನ ಚಂದವೋ, ದೇವರಿಗೇ ಪ್ರೀತಿ. ರಸ್ತೆಗಳೆಲ್ಲ ಅಡ್ಡಾದಿಡ್ಡಿ. ದನದ ಕೊಟ್ಟಿಗೆಯ ಪಕ್ಕದಲ್ಲೇ ಕುಡಿಯುವ ನೀರಿನ ಬಾವಿ.

"ತಲೇಲಿ ಬುದ್ಧಿ ಇರೋರು ಯಾರಾದ್ರೂ ಇಲ್ಲಿ ಬಾವಿ ತೋಡ್ತಾರೇನಮ್ಮ?"

ಅಮ್ಮ ಅಪರೂಪಕ್ಕೆ ನಕ್ಕಳು. "ಬುದ್ಧಿ ಸ್ವಲ್ಪ ಕಮ್ಮಿನೇ. ಇರ್ಲಿ, ಅದನ್ನ ಮುಟ್ಟಬೇಡ."

"ಹಾಗಾದ್ರೆ ಈ ಹಾಳೂರು ಬಿಟ್ಟು ಹೊಸದು ಶುರು ಮಾಡು."

"ಬೇಡಪ್ಪ. ನಂಗೆ ಇದೇ ಸಾಕು."

ಮಗ ತಲೆ ಚಚ್ಚಿಕೊಂಡು ಹೊರಗೆ ಬಂದ. ಬಾಗಿಲಲ್ಲಿ ನಿಂತಿದ್ದ ಹೆಂಡತಿ ಮೆಲ್ಲಗೆ ಹೇಳಿದಳು: "ನೀವು ಬರೀ ಆಟ ನೋಡ್ತೀರಿ. ಅತ್ತೆ ಮುಖ ನೋಡಿದ್ದೀರಾ?"

"ನೋಡೋದೇನಿದೆ? ಸೋತು ಸೋತು ಸೊರಗಿದ್ದಾಳೆ."

ರಜೆಯ ದಿನ ಬೆಳಿಗ್ಗೆ ಸೊಸೆ ಅತ್ತೆಯನ್ನು ಬಲವಂತವಾಗಿ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಮಗ ಅಂಗಿಯ ತೋಳು ಮಡಚಿ ಕಂಪ್ಯೂಟರಿನ ಮುಂದೆ ಕುರ್ಚಿ ಎಳೆದುಕೊಂಡ. ಬೆಂಕಿ ಬಿದ್ದ ಮೇಲೆ ಬಾವಿ ತೋಡುವ ಪೈಕಿ ಅವನಲ್ಲ. ಮೂಲೆಮೂಲೆಗೂ ಚೌಕಿ ಕಟ್ಟಿದ. ಸೊಟ್ಟ ರಸ್ತೆಗಳನ್ನು ಕಿತ್ತು ನೆಟ್ಟಗೆ ಮಾಡಿದ. ಆ ದರಿದ್ರ ಬಾವಿಯನ್ನೂ ಮುಚ್ಚಿದ. ದವಸದ ಗಾಡಿಗಳು ಡಿಪೋದ ಬಸ್ಸುಗಳಿಗಿಂತ ಚೆನ್ನಾಗಿ ಹೊತ್ತಿಗೆ ಸರಿಯಾಗಿ ಓಡಿದವು. ಜನ ಬಂದರು, ನೆಲೆ ನಿಂತರು. ಮಧ್ಯಾಹ್ನದ ಹೊತ್ತಿಗೆ ಕಹಳೆ ಮೊಳಗಿತು. ರಾಜ ಮೆಚ್ಚಿ ಹೊಸ ಸೀಮೆಯನ್ನೇ ಇನಾಮು ಕೊಟ್ಟ. ಗೆದ್ದ ಊರು ಅಳಿಸಿಹೋಗುತ್ತದೆ, ಮುಂದೆ ಹೋಗಲು ಒತ್ತಿ ಎಂದಿತು ಆಟ. ಇಷ್ಟು ದಿನದ ಪೀಡೆ ತೊಲಗಲಿ ಎಂದು ಜೋರಾಗಿಯೇ ಒತ್ತಿದ. ಪರದೆಯ ತುಂಬ ಹುಲ್ಲುಗಾವಲು ಹರಡಿಕೊಂಡಿತು.

ಹೊರಗೆ ಚಪ್ಪಲಿ ಬಿಟ್ಟ ಸದ್ದಾಯಿತು.

"ಅಮ್ಮಾ, ಗೆದ್ದುಬಿಟ್ಟೆ! ಇನ್ನು ನಿಂಗೆ ಬಿಡುಗಡೆ!"

ಅಮ್ಮ ಹತ್ತಿರ ಬಂದು ಬಗ್ಗಿ ನೋಡಿದಳು. ಹುಲ್ಲಿನ ಮೇಲೆ ಬೆರಳಾಡಿಸಿದಳು, ಏನನ್ನೋ ಹುಡುಕುವಂತೆ. ಬಯ್ಯಲಿಲ್ಲ. ಮಗನ ತಲೆಯ ಮೇಲೆ ಕೈಯಿಟ್ಟಳು.

"ಆ ಚೌಕಿ ಕೆಡವ್ತಾ ಇದ್ದಿದ್ದು ನಾನೇ ಕಣೋ," ಎಂದಳು. "ಗೆದ್ದರೆ, ನಿಮ್ಮಪ್ಪ ಕಟ್ಟಿದ ಊರು ಅಳಿಸಿಹೋಗುತ್ತೆ ಅಂತ."